ವರ್ಷದ ಕೊನೆಗೆ ಒಬ್ಬ ಶಾಸಕನ ಉತ್ತರಗಳು: ಕ್ಷೇತ್ರದ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಅಧಿವೇಶನ ಮುಗಿಸಿ ಬಂದ ಮೇಲೆ ಪತ್ರಿಕೆಗಳಿಗೆ ಸಾಧನೆಯ ಪಟ್ಟಿ ಕೊಡುವುದು ನಮ್ಮಲ್ಲಿ ವಾಡಿಕೆ. ಶಂಕುಸ್ಥಾಪನೆ ಇಷ್ಟು, ಉದ್ಘಾಟನೆ ಇಷ್ಟು, ತಂದ ಅನುದಾನ ಇಷ್ಟು ಕೋಟಿ, ಪಕ್ಕದಲ್ಲಿ ಕೈ ಮುಗಿದು ನಿಂತ ಫೋಟೊ. ಅದನ್ನು ಪೂರ್ತಿ ಓದಿದವರು ಯಾರೂ ನನಗೆ ಇದುವರೆಗೆ ಸಿಕ್ಕಿಲ್ಲ. ಅದರ ಬದಲು 2025ರಲ್ಲಿ ಕೋಲಾರ ಜಿಲ್ಲೆಯ ನನ್ನ ಕ್ಷೇತ್ರದ ಜನ ಮನೆ ಬಾಗಿಲಲ್ಲಿ, ಸಂತೆಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ಕೆಲವು ಪ್ರಶ್ನೆಗಳು ತೆಲುಗಿನಲ್ಲಿ ಬಂದವು. ಗಡಿ ತಾಲ್ಲೂಕಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೆಲವು ಬೈಗುಳವಾಗಿ ಬಂದವು. ಬೈಗುಳ ಸೋಸಿ ಪ್ರಶ್ನೆಯನ್ನಷ್ಟೇ ಉಳಿಸಿಕೊಂಡಿದ್ದೇನೆ.

ಶಾಸಕರ ಕೆಲಸ ಎಂದರೆ ನಿಜವಾಗಿ ಏನು?

ಕಾನೂನು ಮಾಡುವುದು, ಬಜೆಟ್ ಒಪ್ಪುವುದು ಅಥವಾ ಒಪ್ಪದಿರುವುದು, ಸರ್ಕಾರವನ್ನು ಪ್ರಶ್ನೆ ಕೇಳಿ ಉತ್ತರ ಪಡೆಯುವುದು. 224 ಜನರನ್ನು ವಿಧಾನಸಭೆಗೆ ಕಳಿಸುವುದು ಇದಕ್ಕಾಗಿ. ಪಿಂಚಣಿ, ಜಮೀನು ಅಳೆದು ಬೇರ್ಪಡಿಸುವ ಪೋಡಿ, ಚರಂಡಿ, ಟ್ರಾನ್ಸ್‌ಫಾರ್ಮರ್ ಇವುಗಳಲ್ಲಿ ಯಾವುದೂ ಈ ಪಟ್ಟಿಯಲ್ಲಿಲ್ಲ. ನನ್ನ ದಿನದ ಹೆಚ್ಚಿನ ಭಾಗ ಹೋಗುವುದು ಮಾತ್ರ ಅವಕ್ಕೇ.

ಇದಕ್ಕೆ ಹಳೆಯ ಬೇರಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಅದಕ್ಕೆ ಶಾಸನ ಮಾಡುವ ಅಧಿಕಾರ ಇರಲಿಲ್ಲ. ದಸರೆಯ ಹೊತ್ತಿಗೆ ಊರೂರಿನ ಪ್ರಮುಖರು ಮೈಸೂರಿಗೆ ಹೋಗಿ, ಸರ್ಕಾರ ಹೇಳಿದ್ದನ್ನು ಕೇಳಿ, ತಮ್ಮ ಕಡೆಯ ಅಹವಾಲು ಹೇಳಿಕೊಂಡು ಬರುತ್ತಿದ್ದರು. ಈಗ ನಮಗೆ ಅಧಿಕಾರ ಬಂದಿದೆ, ಜನರ ಕಣ್ಣಲ್ಲಿ ಮಾತ್ರ ನಾವು ಇನ್ನೂ ಅಹವಾಲು ಹೊತ್ತೊಯ್ಯುವವರೇ. ತಪ್ಪು ಜನರದ್ದೆಂದು ನಾನು ಹೇಳುವುದಿಲ್ಲ. ಸದನದಲ್ಲಿ ನಾವು ಮಾಡುವ ಕೆಲಸ ಅವರ ಕಣ್ಣಿಗೆ ಬೀಳುವಂತೆ ನಡೆದಿದ್ದರೆ ಅವರೂ ಬೇರೆಯದನ್ನೇ ಕೇಳುತ್ತಿದ್ದರು.

ಬೆಳಿಗ್ಗೆ ನಿಮ್ಮ ಮನೆ ಮುಂದೆ ಅಷ್ಟು ಜನ ನಿಂತಿರುತ್ತಾರಲ್ಲ, ಅವರೆಲ್ಲ ಏನು ಕೇಳುತ್ತಾರೆ?

ಹೆಚ್ಚಿನವರು ಕೇಳುವುದು ಕಾನೂನಿನ ಪ್ರಕಾರ ಅವರಿಗೆ ಈಗಾಗಲೇ ಸಲ್ಲಬೇಕಾದದ್ದನ್ನು. ಈ ವರ್ಷದ ಬಗ್ಗೆ ನನಗೆ ಹೇಳಲು ಇರುವ ಮುಖ್ಯ ಮಾತು ಇದೇ. ನಿಂತ ಪಿಂಚಣಿ, ಬಾರದ ಗೃಹಲಕ್ಷ್ಮಿ ಹಣ, ಅಪ್ಪ ತೀರಿಕೊಂಡು ವರ್ಷಗಳಾದರೂ ಮಕ್ಕಳ ಹೆಸರಿಗೆ ಆಗದ ಪೌತಿ ಖಾತೆ, ಪಹಣಿಯಲ್ಲಿ ಒಂದಕ್ಷರ ತಪ್ಪಾದ ಹೆಸರು. ಇದರಲ್ಲಿ ಒಂದೂ ನಾನು ದಯಪಾಲಿಸುವ ವಸ್ತುವಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಅಜ್ಜಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಆಧಾರ್, ಪಡಿತರ ಚೀಟಿ, ಎರಡು ಪಾಸ್ ಪುಸ್ತಕ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ನಿಂತಿದೆ ಎಂಬುದು ದೂರು. ನಾಡಕಚೇರಿಗೆ ಹೋದರೆ ‘ಹಣ ಹಾಕಿದ್ದೇವೆ, ಬ್ಯಾಂಕಿಗೆ ಹೋಗಿ’ ಎಂದರಂತೆ. ಬ್ಯಾಂಕಿಗೆ ಹೋದರೆ ‘ಬಂದಿಲ್ಲ, ನಾಡಕಚೇರಿಗೆ ಹೋಗಿ’ ಎಂದರಂತೆ. ನಮ್ಮ ಕಚೇರಿಯ ಹುಡುಗ ಎರಡೂ ಪಾಸ್ ಪುಸ್ತಕ ಬಿಚ್ಚಿ ನೋಡಿದ. ಒಂದು ಹಳೆಯ ಖಾತೆ, ಅಜ್ಜಿ ಸದಾ ನೋಡುತ್ತಿದ್ದದ್ದು ಅದನ್ನೇ. ಇನ್ನೊಂದು ಮಹಿಳಾ ಸಂಘದ ಸಾಲಕ್ಕಾಗಿ ಬೇರೆ ಬ್ಯಾಂಕಿನಲ್ಲಿ ತೆರೆದದ್ದು, ಆಧಾರ್ ಕೊನೆಗೆ ಜೋಡಣೆಯಾದದ್ದು ಅದಕ್ಕೆ. ನೇರ ನಗದು ವರ್ಗಾವಣೆಯ ಹಣ ಆಧಾರ್ ಎಲ್ಲಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಪಿಂಚಣಿ ನಿಂತಿರಲೇ ಇಲ್ಲ. ಎರಡನೆಯ ಖಾತೆಗೆ ತಪ್ಪದೆ ಬಂದು ಬೀಳುತ್ತಿತ್ತು. ಬಿದ್ದದ್ದನ್ನು ಬ್ಯಾಂಕಿನವರು ಸಂಘದ ಸಾಲದ ಬಾಕಿಗೆ ಮುರಿದುಕೊಳ್ಳುತ್ತಿದ್ದರು.

ವ್ಯವಸ್ಥಾಪಕರಿಗೆ ಒಂದು ಫೋನ್ ಮಾಡಿದ್ದಕ್ಕೆ ಹಣ ಹಿಂದಿರುಗಿತು. ಅಜ್ಜಿ ಕೈ ಮುಗಿದು ‘ದೇವರಂಥವರು ಸ್ವಾಮಿ ನೀವು’ ಎಂದರು. ನನಗೆ ಅದು ಹಿತವಾಗಲಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಮೊದಲ ದಿನವೇ ಯಾರಾದರೂ ನೋಡಿ ಹೇಳಿದ್ದರೆ ಅವರು ಅಷ್ಟು ಸಲ ಅಲೆಯಬೇಕಾಗಿರಲಿಲ್ಲ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ, ಸರಿ. ಅಲೆದ ದಿನಗಳ ಕೂಲಿ ಹೋಯಿತಲ್ಲ?

ಮನೆ ಮುಂದೆ ಜನ ಹೆಚ್ಚು ಸೇರಿದಷ್ಟೂ ನಾಯಕ ಜನಪ್ರಿಯ ಎಂದು ನಮ್ಮ ಹುಡುಗರು ವಿಡಿಯೊ ಮಾಡಿ ಹಾಕುತ್ತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ: ಯಾವ ಹೋಬಳಿಯಿಂದ ಹೆಚ್ಚು ಜನ ಬರುತ್ತಾರೋ ಅಲ್ಲಿನ ಕಚೇರಿಯಲ್ಲಿ ಕೆಲಸ ನಡೆಯುತ್ತಿಲ್ಲ. ಈ ವರ್ಷ ಇಲಾಖೆಗಳ ಪ್ರಗತಿ ನೋಡುವ ತ್ರೈಮಾಸಿಕ ಕೆಡಿಪಿ ಸಭೆಗೆ ಹೋಗುವಾಗ ಬಂದ ಅರ್ಜಿಗಳನ್ನು ಹೋಬಳಿವಾರು ಬೇರ್ಪಡಿಸಿ ಒಯ್ದೆ. ಅಧಿಕಾರಿಗಳಿಗೆ ಅದು ಇಷ್ಟವಾಗಲಿಲ್ಲ. ಆದರೆ ಭಾಷಣಕ್ಕಿಂತ ಅದರಿಂದ ಹೆಚ್ಚು ಕೆಲಸವಾಯಿತು.

ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಮನೆಗೆ ಮಾತ್ರ ಬರುತ್ತಿಲ್ಲ. ಯಾಕೆ?

ಮೊದಲು ಮೇಲಿನ ಉತ್ತರವನ್ನೇ ನೋಡಿ, ಆಧಾರ್ ಜೋಡಣೆ ಪರಿಶೀಲಿಸಿ. ಅದು ಸರಿಯಿದ್ದರೆ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆ ನೋಡಿ. ಅತ್ತೆ ತೀರಿಕೊಂಡಿದ್ದರೂ ಚೀಟಿಯಲ್ಲಿ ಅವರ ಹೆಸರೇ ಉಳಿದಿರುವ ಮನೆಗಳು ಬಹಳ. ಮೂರನೆಯದು, ನೀವು ಅಥವಾ ನಿಮ್ಮ ಪತಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿದಾರರೆಂದು ದಾಖಲಾಗಿರಬಹುದು. ಸಣ್ಣ ಅಂಗಡಿಗೆಂದು ಯಾವಾಗಲೋ ಮಾಡಿಸಿ ಮರೆತ ನೋಂದಣಿಯೂ ಅಡ್ಡ ಬರುತ್ತದೆ. ಇದನ್ನೆಲ್ಲ ನೋಡಬೇಕಾದವರು ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯವರು. ಇಡೀ ಊರಿಗೇ ಕಂತು ಬಂದಿಲ್ಲವಾದರೆ ಅದು ಸರ್ಕಾರದ ಮಟ್ಟದ ವಿಳಂಬ. ಅದಕ್ಕೆ ನನ್ನ ಮನೆಗೆ ಬರಬೇಡಿ, ಸದನದಲ್ಲಿ ಕೇಳಿದೆಯಾ ಎಂದು ನನ್ನನ್ನು ಕೇಳಿ.

ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟರೆ ಕೆಲಸ ಆಗುತ್ತದೆಯೇ?

ಕೆಲವಕ್ಕೆ ಆಗುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿಗೆ, ಹಾಸ್ಟೆಲ್ ಸೀಟಿಗೆ, ಬಸ್ ನಿಲುಗಡೆಯ ಮನವಿಗೆ ಪತ್ರ ಕೊಡುತ್ತೇನೆ. ಕಡತ ಮುಂದಕ್ಕೆ ಸರಿಯಲು ಅದು ನೆರವಾಗುತ್ತದೆ. ಶಿಕ್ಷಕರ ವರ್ಗಾವಣೆಗೆ ಪತ್ರ ಕೇಳಬೇಡಿ. ಅದು ಕಾಯ್ದೆಯ ಪ್ರಕಾರ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಪರೀಕ್ಷಾ ಪ್ರಾಧಿಕಾರದ (ಕೆಇಎ) ಪರೀಕ್ಷೆಯ ನೇಮಕಾತಿಗೂ ಕೇಳಬೇಡಿ. ‘ಶಾಸಕರಿಂದ ಹೇಳಿಸುತ್ತೇನೆ’ ಎಂದು ನಿಮ್ಮಿಂದ ಹಣ ಕೇಳಿದವನು ನನ್ನ ಹೆಸರು ಹೇಳಿದ್ದರೆ ಆ ಹೆಸರಿನೊಂದಿಗೇ ಪೊಲೀಸ್ ಠಾಣೆಗೆ ಹೋಗಿ, ನನ್ನನ್ನು ಕಾಯಬೇಡಿ.

ಠಾಣೆಯ ವ್ಯವಹಾರದಲ್ಲಿ ಇಬ್ಬರೂ ನನ್ನ ಮತದಾರರೇ ಆಗಿರುತ್ತಾರೆ. ಹೊಲದ ಬದುವಿನ ಜಗಳದಲ್ಲಿ ಒಬ್ಬರ ಪರ ಫೋನ್ ಮಾಡಿದರೆ ಇನ್ನೊಬ್ಬರಿಗೆ ಮೋಸ. ದೂರು ದಾಖಲಿಸಿಕೊಳ್ಳುತ್ತಿಲ್ಲ ಎಂದರೆ ಮಾತಾಡುತ್ತೇನೆ, ದಾಖಲಾದ ಮೇಲೆ ಮಾತಾಡುವುದಿಲ್ಲ. ಇದಕ್ಕೆ ಮುನಿಸಿಕೊಂಡವರ ಪಟ್ಟಿ ದೊಡ್ಡದಿದೆ.

ಚರಂಡಿ, ಬೀದಿ ದೀಪಕ್ಕೂ ಶಾಸಕರೇ ಬರಬೇಕೆ?

ಬರಬಾರದು. ಅದು ಗ್ರಾಮ ಪಂಚಾಯಿತಿಯ ಕೆಲಸ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಆದರೂ ನನ್ನ ಹತ್ತಿರ ಏಕೆ ಬರುತ್ತೀರಿ ಎಂಬುದು ನನಗೆ ಗೊತ್ತು. ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವೆ ಇದ್ದ ಎರಡು ಮೆಟ್ಟಿಲು ಈಗ ಇಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಆಗಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣಗಳು ಬದಲಾಗುತ್ತಾ ಬಂದವು, ಸರ್ಕಾರವೂ ಬದಲಾಯಿತು, ಕುರ್ಚಿಗಳು ಮಾತ್ರ ಹಾಗೆಯೇ ಖಾಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2020ರ ಡಿಸೆಂಬರ್‌ನಲ್ಲಿ ಆರಿಸಿ ಬಂದ ಗ್ರಾಮ ಪಂಚಾಯಿತಿಗಳ ಅವಧಿಯೂ 2025ರ ಕೊನೆಗೆ ಮುಗಿಯುವ ಹಂತಕ್ಕೆ ಬಂದಿತ್ತು. ಅಲ್ಲಿಗೂ ಆಡಳಿತಾಧಿಕಾರಿ ಬಂದು ಕೂತರೆ ಹಳ್ಳಿಯಲ್ಲಿ ನೀವು ಆರಿಸಿದವರು ಎಂದು ಯಾರೂ ಉಳಿಯುವುದಿಲ್ಲ.

ಇದು ನಡೆದಿರುವುದು ಯಾವ ರಾಜ್ಯದಲ್ಲಿ ಎಂದು ಯೋಚಿಸಿ. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ 1983ರಲ್ಲಿ ಜಿಲ್ಲಾ ಪರಿಷತ್ತಿನ ಕಾಯ್ದೆ ತಂದು, 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿದ ರಾಜ್ಯವಿದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೂ ಮೊದಲಿನ ಮಾತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮನುಷ್ಯ, ಅಧಿಕಾರವನ್ನು ವಿಧಾನಸೌಧದಿಂದ ಕೆಳಗಿಳಿಸಲು ನೋಡಿದರು.

ಚುನಾವಣೆ ಏಕೆ ಆಗುತ್ತಿಲ್ಲ ಎಂದು ಶಾಸಕರನ್ನೇ ಕೇಳಿ ನೋಡಿ, ಯಾವ ಪಕ್ಷದವರಾದರೂ ಸರಿ. ಹೊರಗೆ ಬೇಸರ ತೋರುತ್ತಾರೆ. ಒಳಗೆ ಬೇಸರವಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯನೆಂದರೆ ಮುಂದಿನ ಚುನಾವಣೆಯಲ್ಲಿ ಟಿಕೆಟ್ ಕೇಳುವವನು. ಅವನಿಲ್ಲದಿದ್ದರೆ ತಾಲ್ಲೂಕಿನಲ್ಲಿ ಗುದ್ದಲಿ ಪೂಜೆಗೆ ನಾವೊಬ್ಬರೇ. ನನ್ನ ಸಹೋದ್ಯೋಗಿಗಳಿಗೆ ಈ ಮಾತು ರುಚಿಸುವುದಿಲ್ಲ, ಆದರೆ ಮನೆ ಮುಂದಿನ ಗುಂಪಿನ ಅರ್ಧ ಕಾರಣ ಇದು.

ವರ್ಷಕ್ಕೆ ಎರಡು ಕೋಟಿ ಬರುತ್ತದಲ್ಲ, ಅದನ್ನು ಏನು ಮಾಡಿದಿರಿ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ, ನಿಜ. ಆ ಹಣ ನನ್ನ ಕೈಗೆ ಬರುವುದಿಲ್ಲ. ನಾನು ಕಾಮಗಾರಿ ಶಿಫಾರಸು ಮಾಡುತ್ತೇನೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ ಸರ್ಕಾರದ ಇನ್ನೊಂದು ನಿರ್ಮಾಣ ಸಂಸ್ಥೆಯಾದ ಕೆಆರ್‌ಐಡಿಎಲ್ಲೋ ಕೆಲಸ ಮಾಡಿಸುತ್ತದೆ. ಬಿಡುಗಡೆಯಾಗುವುದು ಕಂತುಗಳಲ್ಲಿ.

ಈಗ ಭಾಗಾಕಾರ ಮಾಡಿ. ಕ್ಷೇತ್ರದಲ್ಲಿ 250 ಹಳ್ಳಿ ಎಂದಿಟ್ಟುಕೊಳ್ಳಿ. ಒಂದು ಹಳ್ಳಿಗೆ ವರ್ಷಕ್ಕೆ 80,000 ರೂಪಾಯಿ ಬರುತ್ತದೆ. ಅಷ್ಟರಲ್ಲಿ ಒಂದು ಬೀದಿಯ ಸಿಸಿ ರಸ್ತೆಯೂ ಮುಗಿಯುವುದಿಲ್ಲ. ಹಾಗಾಗಿ ಎಲ್ಲ ಊರಿಗೂ ಚೂರುಚೂರು ಹಂಚಿ ಎಲ್ಲರಿಂದಲೂ ಹಾರ ಹಾಕಿಸಿಕೊಳ್ಳುವುದು ಒಂದು ದಾರಿ, ಕೆಲವೇ ಊರುಗಳಲ್ಲಿ ಕೆಲಸ ಮುಗಿಸಿ ಉಳಿದವರಿಂದ ಬೈಸಿಕೊಳ್ಳುವುದು ಇನ್ನೊಂದು. ಈ ವರ್ಷ ನಾನು ಎರಡನೆಯದಕ್ಕೆ ಹೋದೆ: ಶಾಲಾ ಕೊಠಡಿ, ಹೆಣ್ಣುಮಕ್ಕಳ ಶೌಚಾಲಯ, ಅಂಗನವಾಡಿ ಕಟ್ಟಡಗಳಿಗೆ ಮೊದಲ ಆದ್ಯತೆ. ಸಮುದಾಯ ಭವನಗಳಿಗೆ ಕೊಡಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಅರ್ಧಕ್ಕೆ ನಿಂತ ಜಾತಿವಾರು ಭವನಗಳನ್ನು ಎಣಿಸಿದರೆ ಹೊಸದು ಕೇಳುವವರಿಗೇ ನಾಚಿಕೆಯಾಗಬೇಕು. ಪ್ರತಿ ಸಮುದಾಯದ ಮುಖಂಡರೂ ಇದಕ್ಕಾಗಿ ನನ್ನ ಮೇಲೆ ಸಿಟ್ಟಾಗಿದ್ದಾರೆ. ಈ ಒಂದು ವಿಷಯದಲ್ಲಾದರೂ ಭೇದ ಮಾಡಿದೆ ಎಂಬ ಆರೋಪವಿಲ್ಲ.

ಕೆ.ಸಿ. ವ್ಯಾಲಿ ನೀರನ್ನು ನೀವು ಕುಡಿಯುತ್ತೀರಾ?

ಇಲ್ಲ. ನೀವೂ ಕುಡಿಯಬಾರದು. ಅದು ಕುಡಿಯಲು ತಂದ ನೀರೇ ಅಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸಿ, ಅಂತರ್ಜಲ ಏರಿಸುವುದು ಯೋಜನೆಯ ಉದ್ದೇಶ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟ್ ಮೆಟ್ಟಿಲೇರಿ ನೀರು ನಿಂತಿತು. ಆಮೇಲೆ ಮತ್ತೆ ಹರಿಯಿತು. ಮೊದಲ ಹಂತದಲ್ಲಿ ಗುರುತಿಸಿದ್ದು 126 ಕೆರೆ.

ಎರಡು ಪಕ್ಷದವರೂ ಇದರಲ್ಲಿ ಅರ್ಧ ಸತ್ಯ ಹೇಳುತ್ತಾರೆ. ನೀರು ಬಂದ ಕಡೆ ಬತ್ತಿದ್ದ ಕೊಳವೆಬಾವಿಗಳಿಗೆ ಜೀವ ಬಂದಿದೆ. ಸಾವಿರ ಅಡಿ ದಾಟಿ ಕೊರೆಸಿ ಬರಿಗೈಯಲ್ಲಿ ಕೂತಿದ್ದ ರೈತರು ಮತ್ತೆ ಟೊಮೆಟೊ, ಹೂವು, ಮೇವು ಬೆಳೆಯುತ್ತಿದ್ದಾರೆ. ಇದನ್ನು ಇಲ್ಲವೆನ್ನುವವರು ಆ ಊರುಗಳಿಗೆ ಹೋಗಿಲ್ಲ. ಅದೇ ಹೊತ್ತಿಗೆ, ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂಬ ಬೇಡಿಕೆ ಮೊದಲ ದಿನದಿಂದ ಇದೆ, ಮತ್ತು ಅದು ನ್ಯಾಯವಾದದ್ದು. ಕೆರೆಯಲ್ಲಿ ನಿಂತ ನೀರು ಇಂಗಿ, ಅದೇ ನೀರು ಕುಡಿಯುವ ಕೊಳವೆಬಾವಿಗೂ ಸೇರುತ್ತದೆ. ಈ ಜಿಲ್ಲೆಯ ಅಂತರ್ಜಲಕ್ಕೆ ಫ್ಲೋರೈಡ್ ಕಾಟ ಮೊದಲೇ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಮೀರಿದ ಬಾವಿಗಳು ನಮ್ಮಲ್ಲಿ ಹೊಸ ಸುದ್ದಿಯಲ್ಲ. ಹಲ್ಲು ಕಂದಾದ ಮಕ್ಕಳನ್ನು ನೋಡಲು ದೂರ ಹೋಗಬೇಕಾಗಿಲ್ಲ. ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ಈಗ ನಮ್ಮ ಹಳ್ಳಿಗಳ ದಿನಚರಿ. ಆ ಘಟಕ ಕೆಟ್ಟು ನಿಂತರೆ ಮೊದಲು ಬರುವ ಫೋನ್ ನನಗೆ.

ಇನ್ನೊಂದು ಮಾತು, ಇದನ್ನು ಕೇಳಿ ಕೆಲವರಿಗೆ ಕೋಪ ಬರುತ್ತದೆ: ಕಾಲುವೆಗೆ, ಕೆರೆಗೆ ಮೋಟಾರ್ ಇಟ್ಟು ನೇರವಾಗಿ ನೀರೆತ್ತುವುದು ನಿಷಿದ್ಧ. ಮೇಲಿನ ಊರಿನವರು ಎತ್ತಿದರೆ ಕೊನೆಯ ಕೆರೆಗೆ ನೀರು ಹೋಗುವುದಿಲ್ಲ. ಮೋಟಾರ್ ತೆಗೆಸಲು ಬಂದ ಅಧಿಕಾರಿಯನ್ನು ತಡೆಯಿರಿ ಎಂದು ಈ ವರ್ಷವೂ ನನಗೆ ಫೋನ್ ಬಂತು. ತಡೆಯಲಿಲ್ಲ.

ಎತ್ತಿನಹೊಳೆ ನೀರು ಕೋಲಾರಕ್ಕೆ ಯಾವಾಗ ಬರುತ್ತದೆ?

ದಿನಾಂಕ ಹೇಳುವುದಿಲ್ಲ. ಹೇಳಿದವರ ಗತಿ ನೋಡಿದ್ದೇನೆ. ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ತರುವ ಈ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದ ಬಳಿ ಶಂಕುಸ್ಥಾಪನೆಯಾಯಿತು, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ಕಡೆ ಮೊದಲ ಹಂತದ ಏತ ಚಾಲನೆಯಾಯಿತು. ಮೂಲ ಅಂದಾಜು 8,323 ಕೋಟಿ ಇದ್ದದ್ದು ಪರಿಷ್ಕರಣೆಯಲ್ಲಿ 23,251 ಕೋಟಿ ತಲುಪಿದೆ. ಯೋಜನೆಯ ಕಾಗದದ ಮೇಲೆ 24.01 ಟಿಎಂಸಿ ನೀರಿದೆ. ದಾರಿಯಲ್ಲಿರುವ ಹಾಸನ, ತುಮಕೂರು ಜಿಲ್ಲೆಗಳೂ ಪಾಲು ಕೇಳುತ್ತವೆ, ಕೇಳುವುದು ಸಹಜ. ಕಾಲುವೆಯ ತುದಿಯಲ್ಲಿರುವವರು ನಾವು.

ಶಾಶ್ವತ ನೀರಾವರಿಗಾಗಿ 2016ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಟ್ರ್ಯಾಕ್ಟರ್ ಮೆರವಣಿಗೆ ಹೊರಟ ರೈತರಿಗೆ ಸಿಕ್ಕಿದ್ದು ಲಾಠಿ. ಆ ರೈತರು ಇಂದೂ ನನ್ನೆದುರು ಕೂತು ಕೇಳುವ ಪ್ರಶ್ನೆ ಇದೇ. ಯೋಜನೆಯ ಯಾವ ಭಾಗ ಎಲ್ಲಿ ನಿಂತಿದೆ, ಭೂಸ್ವಾಧೀನ ಎಷ್ಟು ಬಾಕಿ ಎಂದು ಅವರಿಗೆ ಲಿಖಿತವಾಗಿ ತಿಳಿಸುವುದು ನನ್ನ ಹೊಣೆ. ಸಮಾಧಾನ ಹೇಳುವುದು ನನ್ನ ಹೊಣೆಯಲ್ಲ.

ಮಾವು ರಸ್ತೆಗೆ ಸುರಿದಾಗ ನೀವೇನು ಮಾಡಿದಿರಿ?

ಈ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದದ್ದಷ್ಟೇ ಅಲ್ಲ, ಪಕ್ಕದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಬಾರದೆಂದು ತಡೆಯಿತು. ಅಲ್ಲಿನ ತಿರುಳು ಕಾರ್ಖಾನೆಗಳೇ ನಮ್ಮ ಕಾಯಿಗೆ ಮಾರುಕಟ್ಟೆ. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು, ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಕೊನೆಗೆ ಕೇಂದ್ರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ 2.5 ಲಕ್ಷ ಟನ್ ವರೆಗೆ ಕ್ವಿಂಟಲ್‌ಗೆ 1,616 ರೂಪಾಯಿ ದರ ಒಪ್ಪಿತು. ವ್ಯತ್ಯಾಸದ ಹೊರೆ ಕೇಂದ್ರ, ರಾಜ್ಯ ಅರ್ಧರ್ಧ.

ಇದರಲ್ಲಿ ನನ್ನ ಪಾಲು ಸಣ್ಣದು: ಮನವಿ, ಸಭೆ, ಒತ್ತಡ. ಹೆಚ್ಚು ಹೇಳಿಕೊಳ್ಳುವುದಿಲ್ಲ. ಹೇಳಬೇಕಾದದ್ದು ಬೇರೆ ಇದೆ. ಇಷ್ಟು ಮಾವು ಬೆಳೆಯುವ ಜಿಲ್ಲೆ ತನ್ನ ಕಾಯಿಯ ತಿರುಳು ತೆಗೆಸಲು ರಾಜ್ಯದ ಗಡಿ ದಾಟಬೇಕು ಎಂಬುದು ಜೂನ್‌ನಲ್ಲಿ ಹುಟ್ಟಿದ ಸಮಸ್ಯೆಯಲ್ಲ. ಪ್ರತಿ ಬಜೆಟ್ ಮುಂಚೆ ಸಂಸ್ಕರಣಾ ಘಟಕದ ಮಾತು ಬರುತ್ತದೆ, ಸುಗ್ಗಿ ಮುಗಿದ ಮೇಲೆ ಮರೆಯಾಗುತ್ತದೆ. ಟೊಮೆಟೊ ಕಥೆಯೂ ಅಷ್ಟೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಟಿವಿಯವರೆಲ್ಲ ಬಂದಿದ್ದರು. ಬಾಕ್ಸಿಗೆ ಕೂಲಿಯೂ ಗಿಟ್ಟದ ದಿನಗಳಲ್ಲಿ ಯಾರೂ ಬರುವುದಿಲ್ಲ.

ಬಗರ್ ಹುಕುಂ ಅರ್ಜಿ ಏನಾಯಿತು?

ಅನುಮತಿಯಿಲ್ಲದೆ ಉಳುಮೆ ಮಾಡಿಕೊಂಡು ಬಂದ ಸರ್ಕಾರಿ ಜಮೀನನ್ನು ಉಳುವವರ ಹೆಸರಿಗೆ ಮಾಡಿಕೊಡುವ ಬಗರ್ ಹುಕುಂ ಸಕ್ರಮೀಕರಣ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದ್ದರಿಂದ ಇದನ್ನು ನನ್ನನ್ನೇ ಕೇಳಬೇಕು, ಕೇಳಿ. ಆದರೆ ಅಧ್ಯಕ್ಷ ಎಂದರೆ ಕೊಡುವವನು ಎಂದರ್ಥವಲ್ಲ. ನಮೂನೆ 57ರಲ್ಲಿ ಅರ್ಜಿ ಹಾಕಿದವರು 2005ರ ಜನವರಿ 1ಕ್ಕೂ ಮೊದಲಿನಿಂದ ಉಳುಮೆ ಮಾಡುತ್ತಿರಬೇಕು, ಆ ದಿನಕ್ಕೆ 18 ವರ್ಷ ತುಂಬಿರಬೇಕು. ಅರಣ್ಯ ಭೂಮಿ, ಕೆರೆ ಅಂಗಳ ಇದರಲ್ಲಿ ಬರುವುದಿಲ್ಲ. ದನಕರುಗಳ ಲೆಕ್ಕಕ್ಕೆ ತಕ್ಕಷ್ಟು ಗೋಮಾಳ ಉಳಿಯಲೇಬೇಕು. ಈಗ ಉಪಗ್ರಹ ಚಿತ್ರ ಹಾಕಿ ಆ ಕಾಲದಲ್ಲಿ ಅಲ್ಲಿ ಸಾಗುವಳಿ ಇತ್ತೇ ಎಂದು ನೋಡುತ್ತಾರೆ. ಬಂಡೆಯ ಮೇಲೆ, ಗುಡಿಯ ಜಾಗದ ಮೇಲೆ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನ ಹೆಸರಿನಲ್ಲಿ ಹಾಕಿದ ಅರ್ಜಿಗಳು ಬಿದ್ದುಹೋದವು. ಬಿದ್ದುಹೋಗಬೇಕಾದವೇ.

ನನಗೆ ಸಂಕಟವಾದದ್ದು ಇನ್ನೊಂದು ಬಗೆಯವರ ಬಗ್ಗೆ. ನಿಜವಾಗಿ ಉಳುಮೆ ಮಾಡಿಕೊಂಡು ಬಂದು, ಕಾಗದ ಇಟ್ಟುಕೊಳ್ಳುವ ಅಭ್ಯಾಸವಿಲ್ಲದೆ, ಅಪ್ಪನ ಕಾಲದ ದಂಡದ ರಸೀದಿಯನ್ನು ಗೆದ್ದಲಿಗೆ ಬಿಟ್ಟವರು. ಅವರ ಕಡತಗಳನ್ನು ತಿರಸ್ಕರಿಸದೆ ಸ್ಥಳ ಪರಿಶೀಲನೆಗೆ ಮತ್ತೆ ಕಳಿಸಿದ್ದೇವೆ. ತಡವಾಗುತ್ತಿರುವುದು ಅದಕ್ಕೇ.

ಆಸ್ಪತ್ರೆ ಬಿಲ್ ಕಟ್ಟಲು ಆಗುತ್ತಿಲ್ಲ, ಏನಾದರೂ ಮಾಡಿ.

ಬಿಲ್ ಆದ ಮೇಲೆ ಬರಬೇಡಿ, ದಾಖಲಾಗುವ ಮೊದಲು ಫೋನ್ ಮಾಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ; ಎಪಿಎಲ್‌ನವರಿಗೆ ವೆಚ್ಚದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಪಡೆಯಬೇಕು. ಈ ಒಂದು ಚೀಟಿ ಇಲ್ಲದ್ದರಿಂದ ಹಸು ಮಾರಿದ ಮನೆ ನನಗೆ ಗೊತ್ತಿದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಮೂಲ ಬಿಲ್ಲುಗಳು ಬೇಕು, ಜೆರಾಕ್ಸ್ ನಡೆಯುವುದಿಲ್ಲ, ಸಿಗುವುದೂ ಬಿಲ್ಲಿನ ಒಂದು ಪಾಲು ಮಾತ್ರ.

ಸದನದಲ್ಲಿ ಬಾಯಿ ಬಿಡುತ್ತೀರಾ? ಟಿವಿಯಲ್ಲಿ ಕಾಣಲೇ ಇಲ್ಲ.

ಟಿವಿಯಲ್ಲಿ ಕಾಣಬೇಕಾದರೆ ಸಭಾಧ್ಯಕ್ಷರ ಪೀಠದ ಮುಂದಿನ ‘ಬಾವಿ’ಗಿಳಿದು ಕಾಗದ ಹರಿಯಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ನಾವು ಉಪಪ್ರಶ್ನೆ ಕೇಳಬಹುದು; ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಲಿಖಿತ ಉತ್ತರವನ್ನು ಯಾರೂ ಮೆಚ್ಚುವುದಿಲ್ಲ, ಆದರೆ ಇಲಾಖೆ ಅಂಕಿಅಂಶ ಸಮೇತ ಸಹಿ ಹಾಕಿ ಕೊಡುವ ಕಾಗದ ಅದು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಿ ಪಡೆದ ಉತ್ತರವನ್ನು ಹಿಡಿದು ಇಲಾಖೆಗೆ ಹೋದರೆ ಮಾತು ಬೇರೆಯದೇ ರೀತಿ ನಡೆಯುತ್ತದೆ.

ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡಿದ್ದೇವೆ. ನಾವೇ ಅದನ್ನು ಮತ್ತೆ ಮತ್ತೆ ಮುರಿಯುತ್ತೇವೆ. ಸೇರಿದ ದಿನಗಳಲ್ಲೂ ಗದ್ದಲಕ್ಕೆ ಹೋದದ್ದೆಷ್ಟು! ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿದ್ದು ಉತ್ತರ ಕರ್ನಾಟಕದ ಮಾತು ಕೇಳಲು. ಅಲ್ಲಿ ನಮ್ಮ ಕಡೆಯವರಿಗೆ ಮಾತಿನ ಸರದಿ ಬರುವುದು ರಾತ್ರಿ, ಖಾಲಿ ಬೆಂಚುಗಳಿಗೆ. ಅದರಲ್ಲಿ ದೂರುವಂಥದ್ದಿಲ್ಲ, ಅದು ಅವರ ಅಧಿವೇಶನ.

ನಿಮ್ಮ ಸಂಬಳ ಎಷ್ಟು?

ಮಾರ್ಚ್‌ವರೆಗೆ ತಿಂಗಳ ವೇತನ 40,000 ಇತ್ತು, ಈಗ 80,000. ಭತ್ಯೆಗಳು ಬೇರೆ, ಸೇರಿಸಿದರೆ ಮೊತ್ತ ಲಕ್ಷಗಳಲ್ಲಿದೆ. ಏರಿಕೆಯ ಬಗ್ಗೆ ವಾದ ಮಾಡಬಹುದು, ಎರಡೂ ಕಡೆ ಹುರುಳಿದೆ. ವಾದವೇ ನಡೆಯಲಿಲ್ಲ ಎಂಬುದು ನನ್ನ ಆಕ್ಷೇಪ. ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾದ ಮಸೂದೆ ಅದು.

ನಮ್ಮ ಮಗಳ ಮದುವೆಗೆ ಬರಲಿಲ್ಲ ಏಕೆ?

ಒಂದೇ ಮುಹೂರ್ತಕ್ಕೆ ಹತ್ತು ಕಡೆ ಮದುವೆ. ಹೋದ ಮನೆಯವರು ನೆನಪಿಡುವುದಿಲ್ಲ, ಹೋಗದ ಮನೆಯವರು ಮರೆಯುವುದಿಲ್ಲ. ಮುಯ್ಯಿ, ಜಾತ್ರೆಯ ಚಂದಾ, ಕ್ರಿಕೆಟ್ ಪಂದ್ಯದ ಕಪ್ ಇವೆಲ್ಲ ಶಾಸಕನ ಕರ್ತವ್ಯ ಎಂಬಂತಾಗಿದೆ. ಆ ಹಣ ಎಲ್ಲಿಂದ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಭ್ರಷ್ಟಾಚಾರದ ಚರ್ಚೆ ನಮ್ಮ ನಿಮ್ಮ ಮನೆಯ ಹಜಾರಕ್ಕೇ ಬರುತ್ತದೆ. ಸಾವಿನ ಮನೆಗೆ ಆದಷ್ಟು ಹೋಗುತ್ತೇನೆ. ಮದುವೆಗೆ ಮುಂದಿನ ವರ್ಷವೂ ಕಡಿಮೆಯೇ.

ನಾವು ನಿಮಗೆ ಮತ ಹಾಕಿಲ್ಲ. ನಮ್ಮ ಕೆಲಸ ಮಾಡಿಕೊಡುತ್ತೀರಾ?

ಮಾಡುತ್ತೇನೆ. ಯಾರಿಗೆ ಹಾಕಿದಿರಿ ಎಂದು ದಯವಿಟ್ಟು ಹೇಳಬೇಡಿ. ಹಾಕಿದೆ ಎಂದು ಪ್ರಮಾಣ ಮಾಡಿದವರ ಸಂಖ್ಯೆ ನನಗೆ ಬಂದ ಮತಗಳಿಗಿಂತ ಹೆಚ್ಚಿದೆ.

ನಿಮ್ಮ ಕಚೇರಿಗೆ ಬರುವಾಗ ಏನು ತರಬೇಕು?

ಮೊದಲು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟ ಸ್ವೀಕೃತಿ ತನ್ನಿ. ಅರ್ಜಿಯನ್ನೇ ಕೊಡದೆ ನನ್ನಲ್ಲಿಗೆ ಬಂದರೆ ನಾನು ನಿಮ್ಮನ್ನು ಅಲ್ಲಿಗೇ ಕಳಿಸುತ್ತೇನೆ, ಒಂದು ದಿನ ವ್ಯರ್ಥ. ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸಕಾಲ ವ್ಯಾಪ್ತಿಯ ಸೇವೆಯಾದರೆ ಸ್ವೀಕೃತಿಯಲ್ಲಿ ಸಂಖ್ಯೆ ಇರುತ್ತದೆ, ಗಡುವೂ ಇರುತ್ತದೆ. ಗಡುವು ಮೀರಿದ್ದರೆ ಮೇಲ್ಮನವಿ ಬರೆದುಕೊಡಲು ಕಚೇರಿಯಲ್ಲಿ ಜನರಿದ್ದಾರೆ. ಜಮೀನಿನ ವಿಷಯಕ್ಕೆ ಇತ್ತೀಚಿನ ಪಹಣಿ, ಪಿಂಚಣಿ ವಿಷಯಕ್ಕೆ ನಿಮ್ಮಲ್ಲಿರುವ ಎಲ್ಲ ಪಾಸ್ ಪುಸ್ತಕ. ಹಾರ, ಶಾಲು, ಪೇಟ ಬೇಡ. ಜೊತೆಗೆ ಊರಿನ ಮುಖಂಡರನ್ನು ಕರೆತರುವ ಅಗತ್ಯವಿಲ್ಲ. ಒಬ್ಬರೇ ಬಂದರೆ ಸರದಿ ಬೇಗ ಬರುತ್ತದೆ. ಸೋಮವಾರ ಬರಬೇಡಿ, ಅಂದು ಬಹಳ ಗದ್ದಲ.